ಸುಮ್ಮನಿದ್ದರೆ ಗಾಡಿ ಹಿಂದಕ್ಕೆ

ನಮ್ಮ ಭಾವನ ಮೈಯಲ್ಲಿ ಒಂದೇ ಒಂದು ರೋಗವಿರಲಿಲ್ಲ. ನಮ್ಮ ಮನೆಗೆ ಗ್ರಹಚಾರ ಹೊಕ್ಕಿದ್ದು ಅದೇ ಬಾಗಿಲಿನಿಂದ.

ಭಾವ ಅಂದರೆ ನನ್ನ ಅಕ್ಕನ ಗಂಡ. ಅರವತ್ತು ದಾಟಿ ಕೆಲವು ವರ್ಷ ಕಳೆದಿದ್ದವು. ಆದರೂ ಬೆಳಕು ಹರಿಯುವ ಮುಂಚೆ ಎದ್ದು ಹಿತ್ತಲಲ್ಲಿ ಬಸ್ಕಿ ಹೊಡೆದು, ಸೇತುವೆಯವರೆಗೆ ಬಿರಬಿರನೆ ನಡೆದು ಬಂದು, ತಣ್ಣೀರು ಸುರಿದುಕೊಂಡು, ಆಮೇಲೆ ಸಕ್ಕರೆಯಿಲ್ಲದ ಚಹಾ ಕುಡಿಯುತ್ತಿದ್ದರು. ಕರಿದದ್ದನ್ನು ಮುಟ್ಟುತ್ತಿರಲಿಲ್ಲ. ಬೀಡಿಯ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ಆ ವಾಸನೆ ಬರುತ್ತಿದ್ದದ್ದು ನನ್ನಿಂದಲೇ ಅನ್ನಿ.

"ಊಟ ಬಲ್ಲವನಿಗೆ ರೋಗವಿಲ್ಲ ಕಣೋ ಡುಮ್ಮ," ಅನ್ನುತ್ತಿದ್ದರು, ನನ್ನ ಹೊಟ್ಟೆಗೆ ಬೆರಳಿನಿಂದ ತಿವಿದು.

"ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾನೂ ಇದೆ ಭಾವ. ಅದನ್ನ ಯಾಕೆ ನುಂಗ್ತೀರಿ?"

"ನಿನಗೆ ಎರಡೂ ಗೊತ್ತಿಲ್ಲ, ಸುಮ್ನಿರು."

ಅವರಿಗಿಂತ ಹತ್ತು ವರ್ಷ ಚಿಕ್ಕವನು ನಾನು. ನೋಡಿದವರು ಅವರನ್ನೇ ನನ್ನ ತಮ್ಮ ಅಂದುಕೊಳ್ಳುತ್ತಿದ್ದರು. ನನಗೆ ಸಕ್ಕರೆ ಕಾಯಿಲೆ, ಬಿಪಿ, ಎರಡೂ ಮಂಡಿ ಹೋಗಿದ್ದವು. ಮೆಟ್ಟಿಲು ಹತ್ತಿದರೆ ಅರ್ಧಕ್ಕೆ ನಿಂತು ಏದುಸಿರು ಬಿಡುತ್ತಿದ್ದೆ. ಭಾವ ಗಟ್ಟಿ ಪಿಂಡ. ದಿಮ್ಮಿಯ ಒಂದು ತುದಿಗೆ ಇಬ್ಬರು ಕೈಹಾಕಿದರೆ ಇನ್ನೊಂದು ತುದಿಯನ್ನು ಅವರೊಬ್ಬರೇ ಎತ್ತುತ್ತಿದ್ದರು.

ಭಾವ ಮರ ಕೊಯ್ಯುವ ಮಿಲ್ಲಿನಲ್ಲಿ ದೊಡ್ಡ ಗರಗಸದ ಮೇಸ್ತ್ರಿ. ಗರಗಸವೆಂದರೆ ಎರಡು ಚಕ್ರಗಳ ಮೇಲೆ ಸುತ್ತಿ ಮೇಲಿಂದ ಕೆಳಕ್ಕೆ ಓಡುವ ಹಲ್ಲಿನ ಪಟ್ಟಿ. ಅದರ ಪಕ್ಕದಲ್ಲಿ ಹಳಿ, ಹಳಿಯ ಮೇಲೆ ಗಾಡಿ, ಗಾಡಿಯ ಮೇಲೆ ದಿಮ್ಮಿ. ಭಾವ ಗಾಡಿಯ ಹಿಡಿ ಹಿಡಿದು ದಿಮ್ಮಿಯನ್ನು ಗರಗಸಕ್ಕೆ ಒಡ್ಡುತ್ತ ಮುಂದಕ್ಕೆ ತಳ್ಳುತ್ತಿದ್ದರು. ಗರಗಸದ ಆಚೆ ಬದಿಯಲ್ಲಿ ನಾನು. ಸೀಳಿ ಬಂದ ಹಲಗೆಯನ್ನು ಹಿಡಿದು ಪಕ್ಕಕ್ಕೆ ಇಳಿಸುವುದು ನನ್ನ ಕೆಲಸ. ಇಳಿಸಿದ ಕೂಡಲೇ ಭಾವ ಗಾಡಿಯನ್ನು ಹಿಂದಕ್ಕೆಳೆದು ಮುಂದಿನ ಸೀಳಿಗೆ ಹೊಂದಿಸುತ್ತಿದ್ದರು. ಗಾಡಿ ಹಿಂದಕ್ಕೆ ಹೋಗುವಾಗ ನನ್ನ ಕೈ ಇನ್ನೂ ದಿಮ್ಮಿಗೆ ತಾಗಿಕೊಂಡಿದ್ದರೆ ಕೈಯೂ ಅದರ ಜೊತೆ ಗರಗಸಕ್ಕೆ ಹೋಗುತ್ತದೆ.

ಅದಕ್ಕೇ ಒಂದು ಮಾತಿತ್ತು, "ತಡಿ". ಕೈ ಇನ್ನೂ ಅಲ್ಲೇ ಇದ್ದರೆ ಆಚೆ ಬದಿಯವನು "ತಡಿ" ಎಂದು ಕೂಗಬೇಕು, ಮೇಸ್ತ್ರಿ ನಿಲ್ಲಬೇಕು. ಕೂಗದೆ ಸುಮ್ಮನಿದ್ದರೆ ಎಲ್ಲ ಸರಿಯಿದೆ ಅಂತ ಅರ್ಥ, ಗಾಡಿ ಹಿಂದಕ್ಕೆ. ಮೌನಂ ಸಮ್ಮತಿ ಲಕ್ಷಣಂ ಅನ್ನುವುದು ಹೆಣ್ಣು ಕೇಳುವ ಮಾತುಕತೆಗೆ ಸರಿಹೋದೀತು. ಗರಗಸದ ಮುಂದೆ ಅಂಥ ಪದ್ಧತಿ ಇಟ್ಟ ಮಹಾಶಯನನ್ನು ಹುಡುಕಿ ಒದೆಯಬೇಕು. ಆದರೆ ನಮ್ಮ ಅಪ್ಪಂದಿರ ಕಾಲದಿಂದ ಹಾಗೇ ನಡೆದುಬಂದಿತ್ತು. ಕೆಲಸ ಬೇಗ ಸಾಗುತ್ತದೆಂದು ಮಾಲೀಕರಿಗೂ ಅದೇ ಇಷ್ಟ.

ಮಿಲ್ಲಿನ ಹಿಂದಿನ ಓಣಿಯಲ್ಲೇ ನಮ್ಮೆಲ್ಲರ ಮನೆ. ಆ ಓಣಿಯಲ್ಲಿ ಮೆಲ್ಲಗೆ ಮಾತಾಡುವವರೇ ಇಲ್ಲ. ದಿನವಿಡೀ ಗರಗಸದ ಸದ್ದಿನ ಮೇಲೆ ಕೂಗಿ ಕೂಗಿ ಗಂಡಸರ ಗಂಟಲು ಹಾಗೇ ಪಳಗಿಬಿಟ್ಟಿದೆ. ಅವರಿಗೆ ಉತ್ತರ ಕೊಟ್ಟೂ ಕೊಟ್ಟೂ ಹೆಂಗಸರದ್ದೂ ಹಾಗೇ ಆಗಿದೆ. ಉಪ್ಪು ಕೇಳಿದರೂ ಜಗಳವಾಡಿದಂತೆ ಕೇಳಿಸುತ್ತದೆ. ಬೇರೆ ಯಾವ ಬೀದಿಯಲ್ಲಾಗಿದ್ದರೂ ಭಾವನ ಕಿವಿಯ ವಿಷಯ ವಾರದೊಳಗೆ ಗೊತ್ತಾಗುತ್ತಿತ್ತು. ನಮ್ಮ ಓಣಿಯಲ್ಲಿ ಅದು ಹಾಯಾಗಿ ಅಡಗಿ ಕೂತಿತು.

ಒಂದು ರಜೆಯ ದಿನ ಅಕ್ಕ ಕುಕ್ಕರ್ ಇಟ್ಟು, "ರೀ, ಕೂಗಿದ ಮೇಲೆ ಆರಿಸಿ," ಎಂದು ಹೇಳಿ ಅಂಗಡಿಗೆ ಹೋದಳು. ಭಾವ ಒಲೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಅಕ್ಕ ವಾಪಸು ಬರುವ ಹೊತ್ತಿಗೆ ಬೇಳೆ ಕರಕಲಾಗಿ ಅಡುಗೆಮನೆಯೆಲ್ಲ ಹೊಗೆ. ನಾನೂ ಆಗತಾನೇ ಒಳಗೆ ಕಾಲಿಟ್ಟಿದ್ದೆ. ಕುಕ್ಕರ್ ಇನ್ನೂ ಚೀರುತ್ತಲೇ ಇತ್ತು. ಭಾವ ಕೆಮ್ಮುತ್ತ ಪುಟ ತಿರುಗಿಸುತ್ತಿದ್ದರು.

"ಪಕ್ಕದಲ್ಲೇ ಕೂತು ಏನ್ರೀ ಮಾಡ್ತಿದ್ರಿ?" ಎಂದು ಅಕ್ಕ ಮನೆ ಹಾರಿಹೋಗುವ ಹಾಗೆ ಕೂಗಿದಳು.

"ನೀನೆಲ್ಲಿ ಹೇಳಿದೆ ಆರಿಸು ಅಂತ?"

"ಹೆಂಡತಿ ಮಾತು ಯಾವ ಗಂಡನ ಕಿವಿಗೆ ಬೀಳುತ್ತೆ ಬಿಡಕ್ಕ," ಎಂದೆ ನಾನು. ಮೂವರೂ ನಕ್ಕೆವು. ಸುಟ್ಟ ಬೇಳೆಯನ್ನು ಚೆಲ್ಲಿ ಪಾತ್ರೆ ನೆನೆಹಾಕಿದಳು ಅಕ್ಕ.

ಆಮೇಲೆ ಮಿಲ್ಲಿಗೆ ಹಳೆ ಮನೆಯೊಂದರ ತೊಲೆಗಳು ಬಂದವು. ಹಳೆ ತೊಲೆಯೊಳಗೆ ಎಲ್ಲೋ ಒಂದು ಮೊಳೆ ಹೂತುಹೋಗಿರುತ್ತದೆ. ಗರಗಸಕ್ಕೆ ಮೊಳೆ ತಾಗಿದರೆ ಅದರ ಹಾಡು ಬದಲಾಗುತ್ತದೆ, ಹೊಟ್ಟೆಯೊಳಗೆ ಕಿರ್ರೆನ್ನುವಂಥ ಒಂದು ಸಣ್ಣ ಸದ್ದು. ಭಾವ ಆ ಸದ್ದನ್ನು ಎಲ್ಲರಿಗಿಂತ ಮೊದಲು ಹಿಡಿಯುವವರು. ನಮಗೆ ಕೇಳಿಸುವ ಮುಂಚೆಯೇ ಗಾಡಿ ನಿಲ್ಲಿಸಿ, "ಒಳಗೆ ಮೊಳೆ ಇದೆ, ಬಿಚ್ಚಿ ನೋಡ್ರೋ," ಅನ್ನುತ್ತಿದ್ದರು. ಇದ್ದೇ ಇರುತ್ತಿತ್ತು. ಆ ದಿನ ನನಗೆ ಕೇಳಿಸಿತು, ದಿಮ್ಮಿ ಹೊರುವವರಿಗೆ ಕೇಳಿಸಿತು. ಭಾವ ತಳ್ಳುತ್ತಲೇ ಇದ್ದರು. ಕಿಡಿ ಹಾರಿ ಕಣ್ಣಿಗೆ ಕಂಡ ಮೇಲೆ ನಿಲ್ಲಿಸಿದರು. ಪಟ್ಟಿಯ ಹಲ್ಲು ಒಂದು ಮೊಳದಷ್ಟು ಉದುರಿತ್ತು.

"ಪಟ್ಟಿನೇ ಸರಿಯಿಲ್ಲ," ಎಂದರು. ಎಲ್ಲರೂ ಹೌದು ಹೌದು ಎಂದರು. ಭಾವನ ಮಾತಿಗೆ ಎದುರಾಡುವವರು ಯಾರು?

ಅದಾದ ಮೇಲೆ ನನ್ನದೇ ಸರದಿ ಬಂತು. ಹಲಗೆ ಇನ್ನೂ ಬಿಡಿಸಿಕೊಂಡಿರಲಿಲ್ಲ, ಎರಡು ಕೈಯೂ ದಿಮ್ಮಿಯ ಮೇಲಿದ್ದವು. "ತಡಿ!" ಎಂದೆ. ಗಾಡಿ ಹಿಂದಕ್ಕೆ ಹೊರಟಿತು. "ತಡಿ, ತಡಿ!" ಎಂದು ಅರಚಿದೆ. ಗಾಡಿ ನಿಲ್ಲಲಿಲ್ಲ. ಕೈ ಕಿತ್ತುಕೊಂಡ ರಭಸಕ್ಕೆ ಹಿಂದಕ್ಕೆ ಬಿದ್ದೆ. ಬೆರಳ ಗೆಣ್ಣಿನ ಸಿಪ್ಪೆ ಸುಲಿದಿತ್ತು. ಭಾವ ಇಣುಕಿ ನೋಡಿ, "ಏನೋ ಡುಮ್ಮ, ನಿಂತಲ್ಲೇ ಬೀಳ್ತೀಯಲ್ಲ, ಬೆಳಿಗ್ಗೆ ಎದ್ದು ನಡಿ ಅಂದ್ರೆ ಕೇಳಲ್ಲ," ಎಂದು ನಕ್ಕರು.

ನನಗೆ ನಗು ಬರಲಿಲ್ಲ.

ಊಟದ ಹೊತ್ತಿನಲ್ಲಿ ಭಾವ ಸಾಣೆ ಕೋಣೆಯಲ್ಲಿ ಬೆನ್ನು ತಿರುಗಿಸಿ ಕೂತು ಗರಗಸದ ಹಲ್ಲಿಗೆ ಅರ ಹಾಕುತ್ತಿದ್ದರು. ಮಿಲ್ಲು ನಿಂತಿತ್ತು, ಸದ್ದಿಲ್ಲ. ನಾನು ಹಿಂದೆ ನಿಂತು, "ಭಾವ, ನಿಮ್ಮ ಬುತ್ತಿ ನಾಯಿ ಎತ್ಕೊಂಡು ಹೋಯ್ತು," ಎಂದೆ. ಉಹೂಂ. "ಭಾವ, ನಿಮ್ಮಂಥ ಜಂಬದ ಕೋಳಿ ಈ ಲೋಕದಲ್ಲಿ ಇನ್ನೊಂದಿಲ್ಲ," ಎಂದೆ, ಇನ್ನೂ ಜೋರಾಗಿ. ಅರ ಅದರ ಪಾಡಿಗೆ ಓಡುತ್ತಿತ್ತು. ಎದುರಿಗೆ ಹೋಗಿ ನಿಂತೆ. ತಲೆಯೆತ್ತಿ ನನ್ನ ಬಾಯಿಯನ್ನೇ ನೋಡಿದರು, ಕಣ್ಣನ್ನಲ್ಲ.

"ಭಾವ, ನಿಮ್ಮ ಕಿವಿ ತೋರಿಸ್ಕೊಂಡು ಬರೋಣ."

"ನನ್ನ ಕಿವಿಗೇನಾಗಿದೆ ಧಾಡಿ? ನೀನು ಹೇಳಿದ್ದೆಲ್ಲ ಕೇಳಿಸ್ತಿಲ್ವಾ?"

ನಾನು ಗೋಡೆಯ ಕಡೆ ತಿರುಗಿ, "ನಾಳೆ ಮಿಲ್ಲಿಗೆ ರಜೆನಾ?" ಎಂದು ಕೇಳಿದೆ. ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಭಾವನ ಮುಖ ಬಿಳಿಚಿಕೊಂಡಿತ್ತು. ಆ ಮುಖದಲ್ಲಿ ಹೆದರಿಕೆ ನೋಡಿದ್ದು ನಾನು ಅದೇ ಮೊದಲು.

"ಬೆನ್ನು ತಿರುಗಿಸಿ ಮಾತಾಡೋದು ಯಾವ ಮರ್ಯಾದೆನೋ?" ಎಂದು ಬೈದು, ಅರವನ್ನು ಮತ್ತೆ ಕೈಗೆತ್ತಿಕೊಂಡರು. ಆ ವಿಷಯ ಅಲ್ಲಿಗೇ ಮುಗಿಯಿತು ಎನ್ನುವ ಹಾಗೆ.

ಅಂದಿನಿಂದ ನಾನು ಕೂಗುವುದರ ಜೊತೆಗೆ ದಿಮ್ಮಿಯನ್ನು ಅಂಗೈಯಿಂದ ಜೋರಾಗಿ ಬಡಿಯತೊಡಗಿದೆ. ಆ ಅದುರು ಹಿಡಿಯ ಮೂಲಕ ಭಾವನ ಕೈಗೆ ತಾಗುತ್ತಿತ್ತು. ನಿಲ್ಲಿಸುತ್ತಿದ್ದರು. ಯಾಕೆ ಬಡಿಯುತ್ತೀಯ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆದರೆ ನನ್ನ ಜೀವ ದಿನಾ ಅಂಗೈಯಲ್ಲೇ ಇರುತ್ತಿತ್ತು.

ಅಕ್ಕನಿಗೆ ಹೇಳಿದೆ. ಅವಳು ಒಗೆದ ಬಟ್ಟೆ ಹರವುತ್ತಿದ್ದಳು. ಒದ್ದೆ ಅಂಗಿಯನ್ನು ಕೈಯಲ್ಲಿ ಹಿಡಿದೇ ನನ್ನ ಮೇಲೆ ತಿರುಗಿಬಿದ್ದಳು.

"ನಿನ್ನ ಕಣ್ಣೇ ಬಿತ್ತು ನೋಡು. ಕಬ್ಬಿಣದಂಥ ಮನುಷ್ಯನಿಗೆ ಕಿವುಡು ಅಂತೀಯಲ್ಲ, ನಾಲಿಗೆಗೆ ಎಲುಬಿಲ್ಲ ಅಂತ ಏನು ಬೇಕಾದ್ರೂ ಆಡೋದಾ? ಮಾತ್ರೆ ನುಂಗೋನು ನೀನು, ಅವರಲ್ಲ."

"ಕುಕ್ಕರ್ ಕೂಗಿದ್ದು ಕೇಳಿಸ್ಲಿಲ್ಲ ಅಕ್ಕ ಅವರಿಗೆ. ನೀನೇ ನೋಡ್ಲಿಲ್ವಾ?"

ಅಕ್ಕ ಅಂಗಿಯನ್ನು ಹಗ್ಗಕ್ಕೆ ಹಾಕಿ, ಸುಕ್ಕು ಎಳೆದು ಎಳೆದು ಸರಿಮಾಡಿದಳು. ಆಮೇಲೆ, "ಕೆಲಸ ಬಿಡಿಸಿದ್ರೆ ಅವರು ಮೂಲೆ ಹಿಡೀತಾರೆ ಕಣೋ," ಎಂದಳು. "ಅವರಪ್ಪ ಹಾಗೇ ಹೋಗಿದ್ದು. ಬಿಟ್ಟ ವರ್ಷವೇ ಹೋದ್ರು. ನೀನು ಬಾಯಿ ಮುಚ್ಕೊಂಡಿರು."

ಆ ಹೊತ್ತಿನಲ್ಲೇ ಮಾಲೀಕರಿಗೆ ನಮ್ಮ ಆರೋಗ್ಯದ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ವಯಸ್ಸಾದವರನ್ನೆಲ್ಲ ಡಾಕ್ಟರಿಂದ ನೋಡಿಸಬೇಕು, ಗಟ್ಟಿಯಿದ್ದವರನ್ನು ಇಟ್ಟುಕೊಳ್ಳಬೇಕು, ಇಲ್ಲದವರಿಗೆ ಹಗುರ ಕೆಲಸ ಕೊಡಬೇಕು ಅಂತ. ಡಾಕ್ಟರು ಬಂದು ಮಿಲ್ಲಿನ ಆಫೀಸಿನಲ್ಲೇ ಕೂತರು. ಗೋಡೆಯಾಚೆ ಗರಗಸ ಓಡುತ್ತಿತ್ತು. ಹಾಗಾಗಿ ಡಾಕ್ಟರು ಪ್ರತಿಯೊಂದನ್ನೂ ಕೂಗಿ ಕೇಳಿದರು, ಎದುರಿಗೆ ಕೂತ ಭಾವ ಅವರ ಬಾಯಿ ನೋಡಿಕೊಂಡು ಕೂಗಿ ಉತ್ತರ ಹೇಳಿದರು. ರಕ್ತ ನೋಡಿದರು, ಬಿಪಿ ನೋಡಿದರು, ಎದೆ ನೋಡಿದರು, ದೂರದ ಅಕ್ಷರ ಓದಿಸಿದರು. ಬಸ್ಕಿ ಹೊಡೆಯಲು ಯಾರೂ ಹೇಳಿರಲಿಲ್ಲ, ಭಾವ ತಾವಾಗಿಯೇ ಹೊಡೆದು ತೋರಿಸಿದರು. ಕಿವಿಯನ್ನು ಯಾರೂ ನೋಡಲಿಲ್ಲ.

"ಇಪ್ಪತ್ತೈದರ ಹೃದಯ ಇದು!" ಎಂದು ಡಾಕ್ಟರು ಭಾವನ ಬೆನ್ನು ತಟ್ಟಿದರು. ಮಾಲೀಕರಂತೂ ತಾವೇ ಹೆತ್ತ ಮಗನನ್ನು ನೋಡುವ ಹಾಗೆ ನೋಡಿದರು. ನನ್ನ ರಕ್ತ ನೋಡಿದಾಗ ಮಾತ್ರ ಡಾಕ್ಟರ ಮುಖ ಹುಳ್ಳಗಾಯಿತು.

ಮಾರನೆಯ ದಿನವೇ ನನ್ನನ್ನು ಗರಗಸದಿಂದ ಎಬ್ಬಿಸಿ ಅಂಗಳದ ಕೊನೆಯಲ್ಲಿ ಹಲಗೆಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಲು ಕೂರಿಸಿದರು. ನನ್ನ ಜಾಗಕ್ಕೆ ಬಂದವನು ಯಾರು ಅನ್ನುತ್ತೀರಿ? ಅಕ್ಕನ ಮಗ. ಭಾವನ ಒಬ್ಬನೇ ಮಗ. ಲಾರಿಗೆ ಹಲಗೆ ತುಂಬುತ್ತಿದ್ದವನು, ಮೂವತ್ತರ ಪ್ರಾಯ, ಆಗತಾನೇ ತಂದೆಯಾಗಿದ್ದ. ಭಾವನಿಗೆ ಹಿಡಿಸಲಾರದಷ್ಟು ಸಂತೋಷ. "ಅಪ್ಪ ಮಗ ಒಂದೇ ಗರಗಸಕ್ಕೆ!" ಎಂದು ಓಣಿಗೆಲ್ಲ ಕೇಳಿಸುವ ಹಾಗೆ ಹೇಳಿಕೊಂಡು ಬಂದರು.

ನಾನು ನೇರ ಮಾಲೀಕರ ಹತ್ತಿರ ಹೋದೆ. ಚಪ್ಪಲಿ ಬಿಡುವುದಕ್ಕೂ ನಿಲ್ಲಲಿಲ್ಲ.

"ಸ್ವಾಮಿ, ಭಾವನಿಗೆ ಕಿವಿ ಕೇಳಿಸಲ್ಲ. ಆ ಹುಡುಗನ್ನ ಅಲ್ಲಿ ನಿಲ್ಲಿಸ್ಬೇಡಿ."

ಮಾಲೀಕರು ನನ್ನ ಹೊಟ್ಟೆ ನೋಡಿದರು, ಮಂಡಿ ನೋಡಿದರು. "ಕೈಲಾಗದವನು ಮೈಯೆಲ್ಲಾ ಪರಚಿಕೊಂಡನಂತೆ. ಜಾಗ ಹೋಯ್ತು ಅಂತ ಸಂಕಟಾನಾ? ಡಾಕ್ಟ್ರೇ ಹೇಳಿದ್ದಾರೆ, ನೀನ್ಯಾವ ಡಾಕ್ಟ್ರು?"

"ಸ್ವಾಮಿ, ಒಂದ್ಸಲ ಅವರ ಹಿಂದೆ ನಿಂತು ಕೂಗಿ ನೋಡಿ."

"ನಡಿ ನಡಿ, ಕೆಲಸ ನೋಡು."

ಕಿವುಡನ ಮುಂದೆ ಕಿನ್ನರಿ ಬಾರಿಸಬಾರದು ಅನ್ನುತ್ತಾರೆ. ಕಿವಿ ನೆಟ್ಟಗಿದ್ದವರ ಮುಂದೆ ಬಾರಿಸಿ ನಾನು ಕಂಡದ್ದೂ ಅಷ್ಟೇ. ರೋಗಿಷ್ಠನ ಮಾತನ್ನು ಯಾರು ನಂಬುತ್ತಾರೆ? ಮೈ ನೋಡಿ ಮಣೆ ಹಾಕುವ ಜನ.

ಕೊನೆಗೆ ಅಕ್ಕನ ಮಗನಿಗೇ ಹೇಳಿದೆ. ಅವನು ಮಗುವನ್ನು ಮುಂಗೈ ಮೇಲೆ ಮಲಗಿಸಿಕೊಂಡು ಓಣಿಯಲ್ಲಿ ಅಡ್ಡಾಡುತ್ತಿದ್ದ. ಕೇಳಿ ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಗೊತ್ತು ಮಾವ," ಎಂದ. "ಮಗು ಅತ್ರೆ ಅಪ್ಪ ತಿರುಗಿ ನೋಡಲ್ಲ. ಆವಾಗಲೇ ಗೊತ್ತಾಯ್ತು."

"ಗೊತ್ತಿದ್ದೂ ಅಲ್ಲಿ ನಿಲ್ತೀಯಾ? ತಲೆ ನೆಟ್ಟಗಿದೆಯಾ ನಿಂಗೆ?"

"ಬೇರೆಯವರನ್ನ ನಿಲ್ಲಿಸಿದ್ರೆ ಅವರ ಕೈ ಹೋಗುತ್ತೆ, ಅಪ್ಪನ ಮರ್ಯಾದೆನೂ ಹೋಗುತ್ತೆ. ನಾನಾದ್ರೆ ಹುಷಾರಾಗಿರ್ತೀನಿ. ನೀವು ಬಡೀತಿದ್ರಲ್ಲ, ಹಾಗೇ ಬಡೀತೀನಿ. ನೀವು ಯಾರ ಹತ್ರನೂ ಹೇಳ್ಬೇಡಿ ಮಾವ."

ಅವನನ್ನು ಬೈದೆ, ಬೇಡಿಕೊಂಡೆ. ಬಂಡೆಗೆ ನೀರು ಹೊಯ್ದಂತೆ. ಅಪ್ಪನ ಹಟವೇ ಮಗನಿಗೂ ಬಂದಿತ್ತು. ಮಗು ಅವನ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿದ್ದೆ ಮಾಡುತ್ತಿತ್ತು.

ಮೊದಲ ಕೆಲವು ದಿನ ಏನೂ ಆಗಲಿಲ್ಲ. ನಾನು ಅಂಗಳದ ಕೊನೆಯಲ್ಲಿ ಕೂತು, ಗುರುತು ಹಾಕುವುದು ಬಿಟ್ಟು, ಅವನ ಅಂಗೈಯ ಸದ್ದಿಗೇ ಕಿವಿ ಕೊಟ್ಟಿರುತ್ತಿದ್ದೆ. ಢಪ್ ಎಂದರೆ ಗಾಡಿ ನಿಲ್ಲುತ್ತಿತ್ತು. ನನ್ನ ಉಸಿರು ವಾಪಸು ಬರುತ್ತಿತ್ತು. ಸಂಜೆ ಭಾವ ಮೈಮೇಲಿನ ಮರದ ಹೊಟ್ಟು ಕೊಡವಿಕೊಂಡು, ಮಗನ ಹೆಗಲ ಮೇಲೆ ಕೈಹಾಕಿ ಬರುವಾಗ ನನ್ನ ಹತ್ತಿರ ನಿಂತು ಕಿಚಾಯಿಸುತ್ತಿದ್ದರು: "ಕೂತು ಕೂತು ಬೇರು ಬಿಟ್ಟೀಯ ಡುಮ್ಮ. ಎದ್ದು ಓಡಾಡು, ಮಂಡಿ ತುಕ್ಕು ಹಿಡಿಯುತ್ತೆ."

ಆ ಬೆಳಿಗ್ಗೆ ಬಂದದ್ದು ಭಾರಿ ದಿಮ್ಮಿ. ಗಾಡಿಯ ಮೇಲೆ ಕೂರಿಸಿದರೆ ಆಚೆ ಬದಿಯವನ ಮುಖ ಈಚೆಗೆ ಕಾಣುತ್ತಿರಲಿಲ್ಲ. ಅದನ್ನು ನೋಡಿ ನಾನು ಎದ್ದು ನಿಂತೆ. ಸೀಳು ಮುಗಿಯಿತು. ಹಲಗೆ ಒಬ್ಬನ ಕೈಗೆ ಮೀರಿದ ಭಾರ, ಅಕ್ಕನ ಮಗ ಅದನ್ನು ಎಡಗೈ ಮತ್ತು ಸೊಂಟದ ಮೇಲೆ ತಡೆದು ಹಿಡಿದಿದ್ದ. ಬಿಟ್ಟರೆ ಕಾಲ ಮೇಲೆ ಬೀಳುತ್ತಿತ್ತು. ಬಲಗೈಯ ಕೈಗವಸು ದಿಮ್ಮಿಯ ಸಿಬಿರಿಗೆ ಸಿಕ್ಕಿಕೊಂಡಿತ್ತು. ಬಡಿಯುವುದಕ್ಕೆ ಅವನಿಗೆ ಕೈಯೇ ಉಳಿದಿರಲಿಲ್ಲ.

"ತಡಿ!" ಎಂದ. "ಅಪ್ಪಾ, ತಡಿ! ಅಪ್ಪಾ!"

ಅಂಗಳದಲ್ಲಿದ್ದವರೆಲ್ಲ ತಿರುಗಿದರು. ಲಾರಿಯ ಮೇಲಿದ್ದವರು ತಿರುಗಿದರು. ಗಾಡಿ ಹಿಂದಕ್ಕೆ ಹೊರಟಿತು.

ನಾನು ಗರಗಸ ನಿಲ್ಲಿಸುವ ಸ್ವಿಚ್ಚಿನ ಕಂಬದ ಕಡೆ ಓಡಿದೆ. ಓಡಿದೆ ಅನ್ನುವುದು ಬಾಯಿಮಾತಿಗೆ. ಎಡ ಮಂಡಿ ಮಡಚಿಕೊಂಡಿತು, ಬಿದ್ದೆ, ಎದ್ದೆ, ಎದೆ ಒಡೆದುಹೋಗುವ ಹಾಗೆ ಏದುತ್ತ ಕುಂಟಿದೆ. ಥೂ ನನ್ನ ಜನ್ಮಕ್ಕಿಷ್ಟು! ಕೇಳಿಸುವ ಕಿವಿಯಿತ್ತು, ಒಯ್ಯುವ ಕಾಲಿರಲಿಲ್ಲ.

ಗಾಡಿ ನಡುವೆ ಒಂದು ಕ್ಷಣ ಬಿಗಿಯಾಯಿತು. ಅಲ್ಲಿ ಭಾವನ ಜಾಗದಲ್ಲಿ ಸಾಧಾರಣ ಮುದುಕನಿದ್ದಿದ್ದರೆ ಎಳೆಯಲಾಗದೆ ಬಿಟ್ಟುಬಿಡುತ್ತಿದ್ದ. ಭಾವ ಮರದ ಗಂಟು ಅಡ್ಡ ಬಂತೆಂದುಕೊಂಡರು. ಕಾಲು ಅಗಲಿಸಿ, ಬಸ್ಕಿ ಹೊಡೆದು ಬೆಳೆಸಿದ ತೊಡೆಯ ಬಲವನ್ನೆಲ್ಲ ಹಾಕಿ, ಹಲ್ಲು ಕಚ್ಚಿ ಜಗ್ಗಿದರು.

ನಾನು ಸ್ವಿಚ್ಚು ಮುಟ್ಟುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಬೆಂಚಿನ ಮೇಲೆ ಭಾವ ನೆಟ್ಟಗೆ ಕೂತಿದ್ದರು. ಪಕ್ಕದಲ್ಲಿ ಅಕ್ಕ, ಕೈಯಲ್ಲಿ ಇನ್ನೂ ಅಡುಗೆಮನೆಯ ಒರೆಸುವ ಬಟ್ಟೆ. ಡಾಕ್ಟರು ಹೊರಗೆ ಬಂದು, ಜೀವಕ್ಕೆ ಭಯವಿಲ್ಲ, ಬಲಗೈ ಉಳಿಯಲಿಲ್ಲ ಎಂದು ಹೇಳಿ ಹೋದರು. ಭಾವ ಅವರ ತುಟಿಯನ್ನೇ ನೋಡಿದರು, ಅರ್ಥವಾಯಿತು. ಹುಬ್ಬಿನ ಮೇಲೆ ಮರದ ಹೊಟ್ಟು ಹಾಗೇ ಕೂತಿತ್ತು.

ಆಮೇಲೆ ಎದುರಿಗೆ ನಿಂತಿದ್ದ ನನ್ನ ಕಡೆ ತಿರುಗಿ, ಮೊಗಸಾಲೆಯಲ್ಲಿದ್ದವರೆಲ್ಲ ಬೆಚ್ಚುವಷ್ಟು ಜೋರಾಗಿ, "ಯಾಕೋ ಕೂಗ್ಲಿಲ್ಲ ಅವನು?" ಎಂದು ಕೇಳಿದರು. "ಒಂದ್ಸಲ ತಡಿ ಅಂದಿದ್ರೆ ನಿಲ್ತಿರ್ಲಿಲ್ವಾ ನಾನು?"

ಹೇಳಬೇಕಾದದ್ದನ್ನು ಹೇಳಿದರೆ ಆ ಮನುಷ್ಯ ಅಲ್ಲೇ ಸಾಯುತ್ತಾನೆ ಅನ್ನಿಸಿತು.

ಅಕ್ಕ ತಲೆ ಎತ್ತಲಿಲ್ಲ, ಅವರ ಕಡೆ ತಿರುಗಲೂ ಇಲ್ಲ. ಮಡಿಲಲ್ಲಿದ್ದ ಬಟ್ಟೆಯನ್ನು ನೋಡುತ್ತ, ಹುಟ್ಟಿದಾಗಿನಿಂದ ನಾನು ಅವಳ ಬಾಯಲ್ಲಿ ಕೇಳದಷ್ಟು ಮೆಲ್ಲನೆಯ ದನಿಯಲ್ಲಿ, "ಕೂಗಿದ," ಎಂದಳು. "ಅಡುಗೆಮನೆಯಲ್ಲಿದ್ದ ನನಗೆ ಕೇಳಿಸ್ತು."

ಭಾವ ಅವಳ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗಿಸಿಕೊಂಡು ಕೂತಿದ್ದರು. ಕಣ್ಣು ನನ್ನ ಬಾಯಿಯ ಮೇಲೆಯೇ ಇತ್ತು.

"ಹೇಳೋ ಡುಮ್ಮ," ಎಂದರು, "ಯಾಕೆ ಕೂಗ್ಲಿಲ್ಲ ನನ್ನ ಮಗ?"